ಗಾಡಿ ಶೇಷಪ್ಪನ ಸಮುದ್ರ

“ಮಂಗಳೂರಿನ ಸಮುದ್ರದ ನೀರು ನನ್ನ ಎಡಗಾಲಿಗೆ ಒಂದ್ಸಲ ತಾಗಿದ್ರೆ ಸಾಕು, ಈ ಮಾಗೀಲಿ ಬಣಕಲ್ಲಿನ ಯಾವ ಮನೆಗೆ ಎಷ್ಟು ಕಂಬಳಿ ಬೇಕು ಅಂತ ಇಲ್ಲೇ ಕೂತು ಹೇಳ್ತೀನಿ. ತಪ್ಪಿದ್ರೆ ನನ್ನ ಮೀಸೆ ಬೋಳಿಸಿ ಎತ್ತಿನ ಬಾಲಕ್ಕೆ ಕಟ್ಟಿ!”

ಗಾಡಿ ಶೇಷಪ್ಪ ಈ ಪ್ರತಿಜ್ಞೆಯನ್ನು ವರ್ಷಕ್ಕೊಂದು ಸಲ ಮಾಡುತ್ತಿದ್ದ. ದೀಪಾವಳಿ ಕಳೆದು ಚಾರ್ಮಾಡಿ ಘಾಟಿಯ ರಸ್ತೆ ಒಣಗಿದ ಕೂಡಲೇ ಅವನು ಕಾಫಿ, ಏಲಕ್ಕಿ ಮೂಟೆ ಹೇರಿಕೊಂಡು ಮಂಗಳೂರಿಗೆ ಇಳಿಯುತ್ತಿದ್ದ. ಬರುವಾಗ ಉಪ್ಪು, ಒಣಮೀನು, ಹೆಂಚು. ಗಾಡಿ ಬಂದು ನಿಂತ ಸಂಜೆ ಗಂಗಾಧರಪ್ಪನವರ ಅಂಗಡಿಯ ಜಗುಲಿಯಲ್ಲಿ ಜನ ಸೇರುತ್ತಿದ್ದರು. ಬಣಕಲ್ಲಿಗೆ ಮೋಟಾರು ಬಸ್ಸು ತನಗೆ ಮನಸ್ಸಾದ ದಿನ ಮಾತ್ರ ಬರುತ್ತಿದ್ದ ಕಾಲ ಅದು. ಉಳಿದ ದಿನಗಳಲ್ಲಿ ಉಪ್ಪೂ ಸುದ್ದಿಯೂ ಒಂದೇ ಗಾಡಿಯಲ್ಲಿ ಬರಬೇಕಿತ್ತು. ಉಪ್ಪು ದಾರಿಯಲ್ಲಿ ಒಂದಿಷ್ಟು ಕರಗುತ್ತಿತ್ತು. ಸುದ್ದಿ ಮಾತ್ರ ಹೊರಟಾಗ ಇದ್ದದ್ದಕ್ಕಿಂತ ಹತ್ತು ಪಟ್ಟು ಊದಿಕೊಂಡು ಬರುತ್ತಿತ್ತು.

ಅವನ ಎಡಗಾಲಿಗೆ ಈ ವಿದ್ಯೆ ಬಂದದ್ದು ಘಾಟಿಯ ಒಂದು ತಿರುವಿನಲ್ಲಿ. ಭರ್ತಿ ಮೂಟೆಯ ಗಾಡಿ ಹಿಂದಕ್ಕೆ ಜಾರಿ ಚಕ್ರ ಪಾದದ ಮೇಲೆ ಹರಿದುಹೋಯಿತಂತೆ. ಚಕ್ರ ಡೊಂಕಾಯಿತು, ಕಾಲಿಗೆ ಏನೂ ಆಗಲಿಲ್ಲ ಎಂಬುದು ಅವನ ವಾದ. ಅಂದಿನಿಂದ ಆ ಪಾದದ ಚರ್ಮ ಎಷ್ಟು ಸೂಕ್ಷ್ಮವಾಯಿತೆಂದರೆ, ಇರುವೆಯೊಂದು ಮೇಲೆ ಹತ್ತಿದರೆ ಅದು ಬಸುರಿಯೋ ಅಲ್ಲವೋ ಎಂದು ಹೇಳಬಲ್ಲವನಾಗಿದ್ದ. ಮಂಗಳೂರಿಗೆ ಹೋದಾಗಲೆಲ್ಲ ಮೂಟೆ ಇಳಿಸಿದ ಮೇಲೆ ಅವನು ನೆಟ್ಟಗೆ ಕಡಲಿಗೆ ನಡೆದು, ಪಂಚೆ ಎತ್ತಿ, ಎಡಗಾಲೊಂದನ್ನೇ ನೀರಿಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮೀನು ಹಿಡಿಯುವವರು ಅವನನ್ನು ಹರಕೆ ಹೊತ್ತವನೆಂದು ತಿಳಿದು ದಾರಿ ಬಿಡುತ್ತಿದ್ದರು.

“ಸಮುದ್ರ ಅಂದ್ರೆ ದೇವರ ಬಚ್ಚಲಿನ ಹಂಡೆ,” ಎಂದು ಅವನು ಜಗುಲಿಯಲ್ಲಿ ವಿವರಿಸುತ್ತಿದ್ದ. “ಹಂಡೆ ಬಿಸಿ ಇದ್ರೆ ಹಬೆ ಏಳ್ತದೆ. ಹಬೆ ಮೋಡ ಆಗ್ತದೆ. ಮೋಡ ಬಂದು ರಾತ್ರಿಯೆಲ್ಲ ನಮ್ಮ ಗುಡ್ಡದ ಮೇಲೆ ಕಂಬಳಿ ಹಾಗೆ ಮಲಗ್ತದೆ, ನೆಲದ ಕಾವು ನೆಲದಲ್ಲೇ ಉಳೀತದೆ. ಹಂಡೆ ತಣ್ಣಗಾಯ್ತೋ, ಹಬೆ ಇಲ್ಲ, ಕಂಬಳಿ ಇಲ್ಲ. ಹಗಲೆಲ್ಲ ಬಿಸಿಲು ಕುಡಿದ ಭೂಮಿ ರಾತ್ರಿ ಅದನ್ನೆಲ್ಲ ನಕ್ಷತ್ರಕ್ಕೆ ದಾನ ಮಾಡಿ ತಾನು ನಡುಗ್ತಾ ಕೂರ್ತದೆ. ಗೊತ್ತಾಯ್ತಾ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಹೇಳಿದ್ದು ಎರಡು ಮೂರು ವರ್ಷ ನಿಜವಾಗಿತ್ತು. ಒಂದು ಸಲ ‘ನೀರು ತಣ್ಣಗಿತ್ತು’ ಎಂದು ಬಂದ. ಆ ಮಾಗಿಯಲ್ಲಿ ಮೇಸ್ತ್ರಿ ಗುರುವಯ್ಯನ ಹಲ್ಲು ಕಟಕಟ ಎನ್ನುವುದನ್ನು ಕೇಳಿ ಕಾಡಿನಿಂದ ಮರಕುಟಿಗವೊಂದು ಜೋಡಿ ಹುಡುಕಿಕೊಂಡು ಅವನ ಕಿಟಕಿಗೆ ಬಂದಿತ್ತು. ಮರುವರ್ಷ ‘ಬೆಚ್ಚಗಿತ್ತು’ ಎಂದ. ಕಂಬಳಿಗಳು ಗೂಟದ ಮೇಲೇ ಉಳಿದವು. ಅಲ್ಲಿಗೆ ಶೇಷಪ್ಪನ ಎಡಗಾಲು ಬಣಕಲ್ಲಿನಲ್ಲಿ ಪಂಚಾಂಗದ ಪಕ್ಕದಲ್ಲಿ ಜಾಗ ಪಡೆಯಿತು.

ಇಷ್ಟೆಲ್ಲ ಹೆಸರು ಇದ್ದರೂ ಶೇಷಪ್ಪನಿಗೆ ಒಂದು ಕೊರಗು ಇತ್ತು. ಗಾಡಿ ಗಂಗಾಧರಪ್ಪನವರದು, ಎತ್ತು ಅವರದು, ಹೊತ್ತು ತಂದ ಉಪ್ಪೂ ಅವರದು. ಅಪ್ಪನ ಕಾಲದಿಂದ ಕಾಫಿ ಹೇರಿ ಹೇರಿ ಬೆನ್ನು ಕಾಫಿ ಬಣ್ಣಕ್ಕೆ ತಿರುಗಿದ್ದರೂ ತನ್ನದು ಅನ್ನುವ ಒಂದು ಕಾಫಿ ಗಿಡ ಅವನಿಗಿರಲಿಲ್ಲ. ಅಂಗಡಿಯ ಜೊತೆಗೆ ಗುಡ್ಡದ ಮೇಲೊಂದು ತೋಟವನ್ನೂ ಇಟ್ಟುಕೊಂಡಿದ್ದ ಗಂಗಾಧರಪ್ಪನವರನ್ನು ಅವನು ಒಂದು ದಿನ ಧೈರ್ಯ ಮಾಡಿ ಒಂದು ತುಂಡು ನೆಲ ಕೇಳಿದ್ದ.

ಅವರು ವಿಭೂತಿ ಹಚ್ಚಿದ ಹಣೆಯನ್ನು ತಿಕ್ಕಿಕೊಂಡು ಹೇಳಿದ್ದರು: “ನೋಡು ಶೇಷಪ್ಪ, ಹಳ್ಳದ ಮೇಲಿನ ಬೋರೆ, ಆ ಬೋಳು ದಿಣ್ಣೆ, ಪಾಳು ಬಿದ್ದದೆ. ಅದನ್ನ ತುಂಬೋವಷ್ಟು ಕಾಫಿ ಸಸಿ ನೀನೇ ಎಬ್ಬಿಸು. ಬರೋ ಮುಂಗಾರಲ್ಲ, ಅದರ ಮುಂದಿನ ಮುಂಗಾರಿಗೆ ಹಸಿರಾಗಿ ನಿಂತಿರೋದನ್ನ ನನಗೆ ತೋರಿಸು. ಬೋರೆ ನಿನಗೆ ಗೇಣಿಗೆ. ಸಸಿ ಸತ್ತರೆ ಗಾಡೀಲೇ ಇರು, ಮತ್ತೆ ಈ ಮಾತು ನನ್ನ ಹತ್ರ ಎತ್ತಬೇಡ.”

ಅಂದಿನಿಂದ ಶೇಷಪ್ಪನೂ ಅವನ ಹೆಂಡತಿ ಗಿಡ್ಡಮ್ಮನೂ ಹಳ್ಳದ ಪಕ್ಕದ ತಗ್ಗಿನಲ್ಲಿ ಸಸಿ ಮಡಿ ಕಟ್ಟಿದರು. ಹೆಸರು ಗಿಡ್ಡಮ್ಮನಾದರೂ ಅವಳು ಗಂಡನಿಗಿಂತ ಒಂದು ಗೇಣು ಎತ್ತರ. ಜಗಳ ಬಂದಾಗ ಶೇಷಪ್ಪ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ. ಕಳೆದ ಮಾಗಿಯಲ್ಲಿ ಬೀಜ ಹಾಕಿದರು. ಬೇಸಿಗೆಯೆಲ್ಲ ಹಳ್ಳದ ನೀರು ಹೊತ್ತು ಹೊಯ್ದರು. ಬಿಸಿಲು ತಾಗದಂತೆ ಮೇಲೆ ಜರಿಗಿಡದ ಚಪ್ಪರ ಹಾಕಿದರು. ಮಳೆಗಾಲದಲ್ಲಿ ಚಪ್ಪರ ತೆಗೆದರು. ಸಸಿಗಳು ಮೊಣಕಾಲೆತ್ತರಕ್ಕೆ ಬಂದು, ಎಲೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಶೇಷಪ್ಪ ಗಾಡಿ ಬಿಟ್ಟು ಬಂದ ಕೂಡಲೇ ಮೊದಲು ಸಸಿಗಳ ಯೋಗಕ್ಷೇಮ, ಆಮೇಲೆ ಎತ್ತುಗಳದು, ಸಮಯ ಉಳಿದರೆ ಹೆಂಡತಿಯದು ವಿಚಾರಿಸುತ್ತಿದ್ದ.

ಮಳೆ ನಿಂತ ಮೇಲೆ ಮತ್ತೆ ಚಪ್ಪರ ಹೊದಿಸುವುದು ವಾಡಿಕೆ. ಗಿಡ್ಡಮ್ಮ ಅದಕ್ಕೆಂದು ಗುಡ್ಡದಿಂದ ಜರಿಗಿಡ ಕೊಯ್ದು ಹೊರೆ ಹೊರೆ ತಂದು ಒಟ್ಟಿದ್ದಳು. ಅದೇ ಹೊತ್ತಿಗೆ ಶೇಷಪ್ಪ ಮಂಗಳೂರಿನಿಂದ ಬಂದ.

“ಚಪ್ಪರ ಎಂತಕ್ಕೆ ಮಾರಾಯ್ತಿ?” ಎಂದ. “ಈ ಸಲ ಸಮುದ್ರ ಹೆಂಗಿತ್ತು ಗೊತ್ತಾ? ಬಾಣಂತಿಗೆ ಹೊಯ್ಯೋ ನೀರು! ಕಾಲಿಟ್ಟವನು ಹಾರಿ ಬಿದ್ದೆ. ಮೀನು ಬೆಂದೇ ಬಲೆಗೆ ಬರ್ತಾ ಇತ್ತು, ಉಪ್ಪು ಖಾರ ಹಾಕೋದೊಂದೇ ಬಾಕಿ. ಈ ವರ್ಷ ಚಳಿ ಅನ್ನೋದು ಬಣಕಲ್ಲಿನ ದಾರಿ ಮರೀತದೆ. ಸಸಿ ಬಿಸಿಲು ಕಂಡು ಗಟ್ಟಿಯಾಗ್ಲಿ.”

“ಇದು ತಗ್ಗು ಕಣ್ರೀ. ಬೆಳಿಗ್ಗೆ ನೀರಿಗೆ ಬರ್ತೀನಲ್ಲ, ಮೇಲೆ ಮನೆ ಹತ್ರ ಇಲ್ದಿರೋ ಚಳಿ ಇಲ್ಲಿ ಬಂದು ನಿಂತಿರ್ತದೆ. ಚಳೀನೂ ನೀರಿನ ಹಾಗೆ ಇಳಿಜಾರು ನೋಡ್ಕೊಂಡು ಇಳೀತದೆ.”

“ನೀನು ಸಮುದ್ರ ನೋಡಿದ್ಯಾ?”

“ಇಲ್ಲ.”

“ಹಂಗಾದ್ರೆ ಸುಮ್ನಿರು.”

ಹೊರೆ ಹೊರೆ ಜರಿಗಿಡ ಎತ್ತಿನ ಕೊಟ್ಟಿಗೆಗೆ ಹಾಸಿಗೆಯಾಗಿ ಹೋಯಿತು. ಆ ವರ್ಷ ಎತ್ತುಗಳು ಮಲಗಿದಷ್ಟು ಮೆತ್ತಗೆ ಮೈಸೂರಿನ ಅರಮನೆಯಲ್ಲೂ ಯಾರೂ ಮಲಗಿರಲಾರರು.

ಕಾರ್ತಿಕ ಕಳೆಯಿತು. ಪ್ರತಿವರ್ಷ ಆ ತಿಂಗಳಲ್ಲಿ ಎರಡು ದಿನವಾದರೂ ಆಕಾಶ ಮುಚ್ಚಿ ಹನಿ ಉದುರುತ್ತಿತ್ತು. ಈ ಸಲ ಒಂದು ಮೋಡವೂ ಇಣುಕಲಿಲ್ಲ. ಆಕಾಶ ತೊಳೆದ ಹಿತ್ತಾಳೆಯ ತಟ್ಟೆಯಂತೆ ಮಿನುಗುತ್ತಿತ್ತು. ಬೆಳಗಿನ ಚಳಿ ದಿನದಿಂದ ದಿನಕ್ಕೆ ಹಲ್ಲು ಬೆಳೆಸಿಕೊಂಡಿತು. ಕಾಫಿ ಕೊಯ್ಯುವ ಹೆಂಗಸರ ಬೆರಳುಗಳು ಹಣ್ಣು ಯಾವುದು ಬೆರಳು ಯಾವುದು ಎಂದು ತಿಳಿಯದಷ್ಟು ಕೆಂಪಾದವು.

ಗುರುವಯ್ಯ ಕಂಬಳಿಯೊಳಗಿಂದ ಮೂಗು ಮಾತ್ರ ಹೊರಗಿಟ್ಟು ಕೇಳಿದ: “ಏ ಶೇಷಪ್ಪ, ಎಲ್ಲಿ ಮಾರಾಯ ನಿನ್ನ ಬಿಸಿನೀರಿನ ಹಂಡೆ?”

“ಬರ್ತಾ ಇದೆ ಮಾರಾಯ. ಘಟ್ಟ ಹತ್ತೋಕೆ ಎತ್ತಿಗೇ ಅಷ್ಟು ದಿನ ಬೇಕು, ಕಾವಿಗೆ ಬೇಡ್ವಾ? ತಿರುವಿನಲ್ಲೆಲ್ಲೋ ಸುಧಾರಿಸ್ಕೊಳ್ತಾ ಇರ್ತದೆ.”

ಹೀಗೆ ಕಾವು ಘಾಟಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ, ಒಂದು ಮಧ್ಯಾಹ್ನ ಗಂಗಾಧರಪ್ಪನವರ ಕಣದಲ್ಲಿ ಭತ್ತ ತೂರುವ ಕೆಲಸ ನಡೆದಿತ್ತು. ಗಿಡ್ಡಮ್ಮ ಮೊರ ಎತ್ತಿ ಹಿಡಿದು ಭತ್ತ ಸುರಿಯುತ್ತಿದ್ದಳು. ಕಾಳು ನೆಟ್ಟಗೆ ಕೆಳಗೆ ಬೀಳುತ್ತಿತ್ತು, ಹೊಟ್ಟು ಗಾಳಿಗೆ ಹಾರುತ್ತಿತ್ತು. ಶೇಷಪ್ಪ ಮೂಟೆ ಹೊಲಿಯುತ್ತಾ ಕೂತು, ಈ ಸಲದ ಸಮುದ್ರದಲ್ಲಿ ತಾನು ಮೊಟ್ಟೆ ಬೇಯಿಸಿ ತಿಂದ ಕಥೆ ಹೇಳುತ್ತಿದ್ದ. ಹೊಟ್ಟೆಲ್ಲ ಅವನ ಮುಖಕ್ಕೇ ಬಂದು ಅಂಟುತ್ತಿತ್ತು.

“ಆಚೆ ಕೂತ್ಕೊಳ್ಳಿ,” ಎಂದಳು ಗಿಡ್ಡಮ್ಮ. ಅವನು ಅಲುಗಲಿಲ್ಲ. ಅವಳು ಮೊರ ಇಳಿಸಿ, ಹೊಟ್ಟು ಹಾರುವ ದಿಕ್ಕನ್ನು ಒಂದು ಗಳಿಗೆ ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

“ಅಲ್ಲ ಮಾರಾಯ್ರೆ, ನಿಮ್ಮ ಸಮುದ್ರ ಯಾವ ಕಡೆ?”

ಶೇಷಪ್ಪ ಘಟ್ಟದ ಕಡೆ, ಪಡುವಣಕ್ಕೆ ಕೈ ತೋರಿಸಿದ.

“ಈ ಹೊಟ್ಟು ಯಾವ ಕಡೆ ಹಾರ್ತಾ ಇದೆ?”

ಶೇಷಪ್ಪ ನೋಡಿದ. ಹೊಟ್ಟು ಅವನ ಕಿವಿಯ ಪಕ್ಕದಿಂದ ಸುಯ್ಯನೆ ಹಾದು, ಅವನ ಕೈ ತೋರಿಸಿದ ದಿಕ್ಕಿಗೇ, ಘಟ್ಟದ ಕಡೆಗೇ ಹಾರುತ್ತಿತ್ತು.

“ಗಾಳಿ ನಿಮ್ಮ ಸಮುದ್ರದಿಂದ ಬರ್ತಾ ಇಲ್ಲ ಕಣ್ರೀ. ಸಮುದ್ರಕ್ಕೆ ಹೋಗ್ತಾ ಇದೆ! ದೀಪಾವಳಿಯಿಂದ ಮೂಡಗಾಳಿಯೇ ಬೀಸ್ತಾ ಇರೋದು. ಅಲ್ಲಿ ಹಂಡೆ ಕುದ್ದು ಉಕ್ಕಿ ಹೋದ್ರೂ ನಮಗೆ ಎಂತ ಬಂತು?”

ಕಣದಲ್ಲಿದ್ದ ಹೆಂಗಸರು ಮೊರದ ಮರೆಯಲ್ಲಿ ನಕ್ಕರು. ಶೇಷಪ್ಪನ ಬಾಯಿ ತೆರೆಯಿತು. ಒಂದಿಷ್ಟು ಹೊಟ್ಟು ಒಳಗೆ ಹೋಯಿತು.

ಕಣದ ಕಟ್ಟೆಯ ಮೇಲೆ ಕೂತಿದ್ದ ಗಂಗಾಧರಪ್ಪನವರು ಇನ್ನೊಂದು ಬಾಂಬು ಹಾಕಿದರು. “ಮದ್ರಾಸಿನ ಕಡೆ ಬೇರೆ ಒಂದು ಸಮುದ್ರ ಇದೆಯಲ್ಲೋ ಶೇಷಪ್ಪ. ಈ ಕಾಲದಲ್ಲಿ ನಮಗೆ ಮೋಡ ಕಳಿಸೋದು ಅದು. ಕಾರ್ತಿಕದ ಹನಿ ಬರೋದು ಆ ಕಡೆಯಿಂದ. ಈ ಸಲ ಅಲ್ಲಿಂದ ಮೋಡವೇ ಹೊರಟಿಲ್ಲ. ಆ ನೀರು ತಣ್ಣಗಿದೆಯೋ ಏನೋ, ಯಾರು ಕಂಡವರು.”

“ಬೇರೆ ಸಮುದ್ರಾನಾ?” ಶೇಷಪ್ಪ ಹೌಹಾರಿ ಎದ್ದ. “ಎರಡಿದೆಯಾ ಸಾವ್ಕಾರ್ರೇ?”

“ಎರಡೇ ಅಂತ ಯಾರು ಹೇಳಿದ್ರು?”

ಇಡೀ ಭೂಮಿಗೆ ಒಂದೇ ಸಮುದ್ರ, ಅದಕ್ಕೆ ಮಂಗಳೂರಿನಲ್ಲಿ ಬಾಗಿಲು ಎಂದು ಶೇಷಪ್ಪ ನಂಬಿದ್ದ. ಈಗ ಅವನ ತಲೆಯಲ್ಲಿ ನೀರು ಎಲ್ಲ ಕಡೆಯಿಂದ ನುಗ್ಗಿತು. ಆದರೆ ಆ ಯೋಚನೆಗೆ ಹೊತ್ತಿರಲಿಲ್ಲ. ಗಿಡ್ಡಮ್ಮ ಮತ್ತೆ ಮೊರ ಎತ್ತಿ ಸುರಿದಳು. ಈ ಸಲ ಕಾಳೂ ಹೊಟ್ಟೂ ಒಟ್ಟಿಗೆ ನೆಟ್ಟಗೆ ಅವಳ ಕಾಲ ಬಳಿಯೇ ಬಿದ್ದವು. ಗಾಳಿ ನಿಂತುಹೋಗಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ.

ಕಣದ ಮೂಲೆಯಲ್ಲಿ ಹುಲ್ಲು ಕಟ್ಟುತ್ತಿದ್ದ, ತೋಟದ ಕೂಲಿಯವರ ಲೈನುಮನೆಯ ಮುದುಕಿ ಯಲ್ಲಮ್ಮ ತಲೆ ಎತ್ತಿದಳು. “ಅಯ್ಯೋ, ಇದು ಒಳ್ಳೇದಲ್ಲ. ನಾನು ಸೊಸೆಯಾಗಿ ಬಂದ ವರ್ಷ ಹಿಂಗೇ ಆಕಾಶ ಬಿಚ್ಚಿತ್ತು, ಸಂಜೆ ಮುಂದೆ ಗಾಳಿ ಸತ್ತಿತ್ತು. ಬೆಳಿಗ್ಗೆ ಹಳ್ಳದ ತಗ್ಗೆಲ್ಲ ಬೆಳ್ಳಗೆ! ಬಾಳೆ ಎಲೆ ಬೇಯಿಸಿದ ಹಾಗೆ ಕರ್ರಗಾಗಿ ಜೋತು ಬಿದ್ದಿತ್ತು. ಎಳೇ ಸಸಿ ಒಂದೂ ಉಳೀಲಿಲ್ಲ.”

ಸೂರ್ಯ ಬಲ್ಲಾಳರಾಯನದುರ್ಗದ ಕಡೆಗೆ ಇಳಿಯಲು ಹೊರಟಿದ್ದ. ಶೇಷಪ್ಪನ ಕಣ್ಣಿಗೆ ಬೋರೆಯೂ ಅವನ ಜೊತೆಗೇ ಮುಳುಗುವಂತೆ ಕಂಡಿತು.

ಅವನು ಹಳ್ಳಕ್ಕೆ ಓಡಿದ. ಆ ಓಟವನ್ನು ಕಂಡವರು, ಅವನ ನೆರಳು ಹಿಂದೆ ಬಿದ್ದು ಏದುಸಿರು ಬಿಡುತ್ತಾ ಆಮೇಲೆ ಬಂದು ಸೇರಿತು ಎನ್ನುತ್ತಾರೆ. ಸಸಿಗಳು ಹಸಿರಾಗಿ, ಮೈಮೇಲೊಂದು ಚೂರು ಬಟ್ಟೆಯಿಲ್ಲದೆ, ಬರಿ ಆಕಾಶದ ಕೆಳಗೆ ನಿಂತಿದ್ದವು. ಈಗ ಗುಡ್ಡ ಹತ್ತಿ ಜರಿಗಿಡ ಕೊಯ್ದು ತರುವಷ್ಟು ಬೆಳಕಿಲ್ಲ. ಕೊಟ್ಟಿಗೆಯಲ್ಲಿ ಎತ್ತುಗಳು ಮಲಗಿ ತುಳಿದದ್ದು ಗೊಬ್ಬರವಾಗಿತ್ತು.

ಹಿಂದೆಯೇ ಬಂದ ಗಿಡ್ಡಮ್ಮ ಏದುಸಿರು ಬಿಡುತ್ತಾ ಹೇಳಿದಳು: “ಗೊರಬು!”

ಮಳೆಗಾಲದಲ್ಲಿ ನಾಟಿ ಮಾಡುವ ಹೆಂಗಸರು ತಲೆಯಿಂದ ಸೊಂಟದವರೆಗೆ ಬೆನ್ನಿಗೆ ಹೊದೆಯುವ, ಬಿದಿರು ಹೆಣೆದು ಎಲೆ ಹಾಸಿ ಮಾಡಿದ ಗೊರಬು ಆಮೆಯ ಚಿಪ್ಪಿನಂತಿರುತ್ತದೆ. ಲೈನಿನ ಮನೆಮನೆಯಲ್ಲೂ ಅವು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಮುಂದಿನ ಮಳೆಗೆ ಕಾಯುತ್ತಿದ್ದವು. ಆದರೆ ಒಂದು ಕಟ್ಟುಪಾಡು ಇತ್ತು. ಕೊಯ್ಲು ಮುಗಿಯುವ ಮುಂಚೆ ಗೊರಬು ಕೆಳಗಿಳಿಸಿದರೆ ಅಕಾಲದ ಮಳೆ ಬರುತ್ತದೆ, ಕಣದಲ್ಲಿ ಹರಡಿದ ಕಾಫಿಯೆಲ್ಲ ಬೂಸಲು ಹಿಡಿಯುತ್ತದೆ ಎಂದು ಆ ಲೈನಿನವರ ನಂಬಿಕೆ. ಹಬ್ಬದ ದಿನವೂ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಲೈನಿನ ಮುಂದೆ ಹೆಂಗಸರು ಸಾಲಾಗಿ ಬಾಗಿಲಿಗೆ ಅಡ್ಡ ನಿಂತರು. ಕಾಫಿ ಕೊಯ್ಲಿನಲ್ಲಿ ಎಲ್ಲರಿಗಿಂತ ಮುಂದಿದ್ದ, ಬಾಯಲ್ಲೂ ಮುಂದಿದ್ದ ತಿಮ್ಮಮ್ಮ ಹೇಳಿದಳು: “ಈಗ ಗೊರಬು ಇಳಿಸಿ ಮಳೆ ಬಂದ್ರೆ ಸಾವ್ಕಾರ್ರು ನಮ್ಮನ್ನ ಘಟ್ಟ ಇಳಿಸ್ತಾರೆ. ಆಗಲ್ಲ ಮಾರಾಯ.”

“ಮಳೆ ಬರ್ಲಿ ಮಾರಾಯ್ತಿ!” ಶೇಷಪ್ಪ ಕೂಗಿದ. “ಮಳೆ ಬರ್ಬೇಕಾದ್ರೆ ಮೋಡ ಬರ್ಬೇಕು. ಮೋಡ ಬಂದ್ರೆ ಹಿಮ ಬೀಳಲ್ಲ. ನಿಮ್ಮ ಗೊರಬು ಮೋಡ ಕರೆದ್ರೂ ನಾನು ಗೆದ್ದೆ, ಕರೀದಿದ್ರೂ ಸಸಿಗೆ ಹೊದಿಕೆ ಆಯ್ತು!”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಂಗಳದವರೆಗೆ ನಡೆದು ಬಂದಿದ್ದ ಗಂಗಾಧರಪ್ಪನವರು ಕೆಮ್ಮಿ, “ಮಳೆ ಬಂದ್ರೆ ನಾನು ನೋಡ್ಕೊಳ್ತೀನಿ, ಇಳಿಸಿ,” ಎಂದರು. ಅಷ್ಟಕ್ಕೆ ತಿಮ್ಮಮ್ಮ ಬಿಡಲಿಲ್ಲ.

“ಕೊಡ್ತೀವಿ. ಆದ್ರೆ ಮೊದಲು ಹೇಳು, ಸಮುದ್ರದ ವಿಷಯ ತಪ್ಪಾಯ್ತು ಅಂತ. ಎಲ್ಲರ ಮುಂದೆ, ಗಟ್ಟಿಯಾಗಿ.”

ಬಿಸಿಲು ಆಗಲೇ ತೋಟದ ಸಿಲ್ವರ್ ಓಕ್ ಮರಗಳ ತುದಿಗೆ ಹತ್ತಿತ್ತು. ಶೇಷಪ್ಪ ಸುತ್ತ ನೋಡಿದ, ಕೆಳಗೆ ಹಳ್ಳದ ಕಡೆ ನೋಡಿದ, ಕಣ್ಣು ಮುಚ್ಚಿದ.

“ನನ್ನ ಕಾಲು ತಪ್ಪು ಮಾಡ್ತು,” ಎಂದ.

“ಕಾಲಲ್ಲ, ಬಾಯಿ,” ಎಂದಳು ಗಿಡ್ಡಮ್ಮ.

“ಆಯ್ತು, ಬಾಯಿ! ಬಾಯಿ ತಪ್ಪು ಮಾಡ್ತು, ಕಾಲು ತಪ್ಪು ಮಾಡ್ತು, ನಾನು ಪೂರ್ತಿ ತಪ್ಪು ಮಾಡ್ದೆ! ಈಗ ಇಳಿಸ್ರೇ ತಾಯಂದ್ರಾ!”

ಅಟ್ಟಗಳಿಂದ ಗೊರಬುಗಳು ದಡದಡನೆ ಬಿದ್ದವು. ಮೂರು ತಿಂಗಳ ಮಸಿಯೂ ಜೊತೆಗೆ ಬಿದ್ದು, ಲೈನಿನ ಹೆಂಗಸರೆಲ್ಲ ಗಳಿಗೆಯೊಳಗೆ ಗುರುತು ಸಿಗದಂತಾದರು. ಗುರುವಯ್ಯ ತನ್ನ ಹೆಂಡತಿಯೆಂದು ತಿಳಿದು ಬೇರೆಯವರನ್ನು ಗದರಿಸಿ ಒಂದು ಏಟು ತಿಂದ. ಒಬ್ಬೊಬ್ಬರು ತಲೆಯ ಮೇಲೊಂದು ಬೆನ್ನಿನ ಮೇಲೊಂದು ಹೊತ್ತು ಇಳಿಜಾರಿನಲ್ಲಿ ಓಡಿದರು. ದೂರದ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ, ಒಣ ಹವೆಯಲ್ಲಿ ಒಂದು ಹಿಂಡು ಗೊರಬು ಓಡುವುದನ್ನು ಕಂಡು, ತನಗೆ ಕಾಣದ ಮಳೆ ಎಲ್ಲೋ ಸುರಿಯುತ್ತಿದೆ ಎಂದು ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದ.

“ಇದು ನಂದು, ತುದಿ ಮುರಿದೀತು, ಮೆಲ್ಲಗೆ!” “ಬಗ್ಗು, ಬಗ್ಗು, ಸಸಿ ಮುರೀಬೇಡ!” “ಈ ಸಾಲು ಮುಗೀತು, ಆಚೆ ಹೋಗು!” ಮಡಿಯ ಮೇಲೆ ಗೊರಬು ಬೋರಲು ಬಿದ್ದವು, ಒಂದರ ಅಂಚು ಇನ್ನೊಂದರ ಮೇಲೆ. ಹಳ್ಳದ ಅಂಚಿನ ಕೊನೆಯ ಮಡಿಗೆ ಗೊರಬು ಸಾಲಲಿಲ್ಲ. ಶೇಷಪ್ಪ ಗಾಡಿಯ ಕಮಾನಿನ ಚಾಪೆ ಕಿತ್ತು ತಂದ. ಅದೂ ಸಾಲಲಿಲ್ಲ. ಹೆಗಲ ಕಂಬಳಿ ಹಾಸಿದ. ಇನ್ನೂ ಒಂದು ಮೊಳ ಉಳಿಯಿತು. ಗಿಡ್ಡಮ್ಮ ಗುರುವಯ್ಯನ ಮೈಮೇಲಿದ್ದ ಕಂಬಳಿಯನ್ನು ಕೇಳದೆಯೇ ಎಳೆದಳು.

“ನಂದೆಂತಕ್ಕೆ ಮಾರಾಯ್ತಿ, ಸಮುದ್ರಕ್ಕೆ ಕಾಲಿಟ್ಟದ್ದು ನಾನಲ್ಲ!” ಎಂದು ಗುರುವಯ್ಯ ಬೊಬ್ಬೆ ಹೊಡೆದ. ಕಂಬಳಿ ಅಷ್ಟರಲ್ಲಿ ಸಸಿಯ ಮೇಲಿತ್ತು. ಎರಡು ಕೈಯಗಲದ ಜಾಗ ಮಾತ್ರ ಬಯಲಿನಲ್ಲೇ ಉಳಿಯಿತು. ಅಲ್ಲಿಗೆ ಬೆಳಕೂ ಮುಗಿಯಿತು.

ಮರುದಿನ ಬೆಳಗು ಮೂಡಿದಾಗ ಬಣಕಲ್ಲಿನ ಜನ ಹಳ್ಳದ ದಂಡೆಯ ಮೇಲೆ ನಿಂತು ಕೆಳಗೆ ನೋಡಿದರು. ತಗ್ಗು ಬೆಳ್ಳಗಿತ್ತು. ಹುಲ್ಲಿನ ಮೇಲೆ, ಕಲ್ಲಿನ ಮೇಲೆ, ಸಾಲು ಸಾಲು ಗೊರಬುಗಳ ಬೆನ್ನಿನ ಮೇಲೆ ಹಿಮ ಹರಳುಗಟ್ಟಿ ಹೊಳೆಯುತ್ತಿತ್ತು. ಯಾರೋ ಶೇಷಪ್ಪನ ಗಾಡಿಯ ಉಪ್ಪಿನ ಮೂಟೆಗಳನ್ನೆಲ್ಲ ಬಿಚ್ಚಿ ಚೆಲ್ಲಿದಂತಿತ್ತು. ತಿಮ್ಮಮ್ಮ ಬೆರಳಲ್ಲಿ ಒಂದು ಚೂರು ತೆಗೆದು ನಾಲಿಗೆಗಿಟ್ಟು, “ಸಪ್ಪೆ,” ಎಂದಳು, ಏನೋ ಮೋಸವಾದಂತೆ.

ಶೇಷಪ್ಪ ಬಿಸಿಲು ಮಡಿಗೆ ತಾಗುವವರೆಗೆ ಕಾಯಲಿಲ್ಲ. ನಡುಗುತ್ತಾ ಇಳಿದು ಮೊದಲ ಗೊರಬು ಎತ್ತಿದ. ಕೆಳಗೆ ಹಸಿರು. ಎರಡನೆಯದು ಎತ್ತಿದ. ಹಸಿರು. ಆಮೇಲೆ ಅವನು ಎತ್ತಿದ್ದು ಗೊರಬನ್ನಲ್ಲ, ಗಿಡ್ಡಮ್ಮನನ್ನು. ತನಗಿಂತ ಒಂದು ಗೇಣು ಎತ್ತರದ ಹೆಂಡತಿಯನ್ನು ಎತ್ತಿಕೊಂಡು ಹಿಮದ ಮೇಲೆ ಕುಣಿದ, ಜಾರಿದ, ಇಬ್ಬರೂ ಹಳ್ಳದ ನೀರಿಗೆ ಬಿದ್ದರು. ಬಯಲಿಗೆ ಬಿದ್ದಿದ್ದ ಆ ಎರಡು ಕೈಯಗಲದ ಸಸಿಗಳು ಮಾತ್ರ ಬೇಯಿಸಿದ ಸೊಪ್ಪಿನಂತೆ ಕರ್ರಗೆ ಜೋತುಬಿದ್ದಿದ್ದವು. ನೀರಿನಿಂದ ಎದ್ದು ಬಂದ ಗಿಡ್ಡಮ್ಮ ಮೊದಲು ನೋಡಿದ್ದು ಅವನ್ನೇ. ಗಂಡನಿಗೂ ಒಮ್ಮೆ ತೋರಿಸಿದಳು.

ಗಂಗಾಧರಪ್ಪನವರು ಕಿವಿಗೆ ಶಾಲು ಸುತ್ತಿಕೊಂಡು ದಂಡೆಗೆ ಬಂದರು. ಒಂದೊಂದೇ ಮಡಿ ನೋಡುತ್ತಾ ಕೊನೆಯವರೆಗೆ ನಡೆದರು. ತೊಟ್ಟಿಕ್ಕುತ್ತಾ, ನಡುಗುತ್ತಾ ನಿಂತಿದ್ದ ಶೇಷಪ್ಪ ಉಸಿರು ಹಿಡಿದು ಅವರ ಮುಖವನ್ನೇ ನೋಡಿದ.

“ಬೋರೆ ತುಂಬ್ತದೆ,” ಎಂದರು ಅವರು. “ಮುಂಗಾರಿಗೆ ಗುಂಡಿ ತೆಗೆದು ನೆಡು. ಅದು ನಿಂದೇ. ಆದ್ರೆ ಒಂದು ಮಾತು ಶೇಷಪ್ಪ. ಇನ್ನು ಮೇಲೆ ನನ್ನ ಜಗುಲೀಲಿ ಕೂತು ಮಂಗಳೂರು ಸಮುದ್ರದ ಸುದ್ದಿ ಎತ್ತಕೂಡದು. ಒಪ್ಪಿಗೆಯಾ?”

“ಒಪ್ಪಿಗೆ ಸಾವ್ಕಾರ್ರೇ, ಪೂರ್ತಿ ಒಪ್ಪಿಗೆ,” ಎಂದ ಶೇಷಪ್ಪ, ಚಳಿಗೆ ಹಲ್ಲು ಕಟಕಟಿಸುತ್ತಾ. “ಮದ್ರಾಸಿಗೆ ಯಾವತ್ತಾದ್ರೂ ಒಂದು ಲೋಡು ಇದ್ರೆ ಮಾತ್ರ ನನಗೇ ಹೇಳಿ. ಆ ನೀರಿಗೆ ಬಲಗಾಲು ಇಟ್ಟು ಬರ್ತೀನಿ.”